ನೀರು ಬಳಕೆದಾರರ ಸಹಕಾರ ಸಂಘಕ್ಕೆ ಸೂಕ್ತ ಅಧ್ಯಕ್ಷರ ಆಯ್ಕೆ: ರಾಮಥಾಳ ಹನಿ ನೀರಾವರಿ ಪ್ರದೇಶದ ರೈತರಿಗೆ ಮಾಹಿತಿ

ರಾಮಥಾಳ (ಮರೋಳ) ಏತ ನೀರಾವರಿ ಯೋಜನೆಯ ಎರಡನೆಯ ಹಂತವು ಕೃಷ್ಣಾ ಮೇಲ್ದಂಡೆ ಯೋಜನೆಯ ಒಂದು ಭಾಗವಾಗಿದೆ. ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರನ್ನು ಪಂಪುಗಳಿಂದ ಮೇಲೆತ್ತಿ, ಬಾಗಲಕೋಟೆ ಜಿಲ್ಲೆಯ ಹುನಗುಂದ ಭಾಗದ ಸುಮಾರು 24,000 ಹೆಕ್ಟೇರ್ ಜಮೀನಿಗೆ ಹನಿ ನೀರಾವರಿ ಪದ್ಧತಿಯಲ್ಲಿ ಒದಗಿಸುವುದು ಇದರ ಉದ್ದೇಶ. ತೆರೆದ ಹೊಲಗಾಲುವೆಗಳ ಬದಲು ಭೂಮಿಯೊಳಗಿನ ಕೊಳವೆಗಳ ಮೂಲಕ ನೀರು ಹೊಲದ ಅಂಚಿನವರೆಗೆ ಬರುತ್ತದೆ. ಸಾವಿರಾರು ರೈತ ಕುಟುಂಬಗಳು ಒಂದೇ ಕೊಳವೆ ಜಾಲವನ್ನು ಹಂಚಿಕೊಳ್ಳುವ ಇಂತಹ ಸಾಮೂಹಿಕ ಹನಿ ನೀರಾವರಿಯು ನಮ್ಮ ರಾಜ್ಯಕ್ಕೆ ಹೊಸದು.

ಸ್ವಂತ ಕೊಳವೆಬಾವಿಯಿಂದ ಹನಿ ನೀರಾವರಿ ಮಾಡುವ ರೈತರು ಫಿಲ್ಟರ್ ತೊಳೆಯುವುದನ್ನು ಮರೆತರೆ ಅವರ ಬೆಳೆ ಮಾತ್ರ ಬಾಡುತ್ತದೆ. ಸಾಮೂಹಿಕ ವ್ಯವಸ್ಥೆಯಲ್ಲಿ ಒಬ್ಬರು ಪಾಳಿ ತಪ್ಪಿಸಿ ವಾಲ್ವ್ ತೆರೆದರೆ, ಅದರ ಪರಿಣಾಮವನ್ನು ಕೊಳವೆಯ ಕೊನೆಯಲ್ಲಿರುವ ಹೊಲಗಳು ಅನುಭವಿಸುತ್ತವೆ. ಆದ್ದರಿಂದ ಪಾಳಿ ನಿಗದಿ, ದುರಸ್ತಿ, ನೀರಿನ ಕರ ಮತ್ತು ವ್ಯಾಜ್ಯ ಪರಿಹಾರದ ಹೊಣೆಯನ್ನು ನೀರು ಬಳಕೆದಾರರ ಸಹಕಾರ ಸಂಘಗಳು ಹೊರಬೇಕಾಗುತ್ತದೆ. ಈ ಸಂಘಗಳ ಯಶಸ್ಸು ಬಹುಮಟ್ಟಿಗೆ ಅವುಗಳ ಅಧ್ಯಕ್ಷರನ್ನು ಅವಲಂಬಿಸಿದೆ. ಅಧ್ಯಕ್ಷರ ಕರ್ತವ್ಯಗಳು ಯಾವುವು, ಎಂಥವರನ್ನು ಹುಡುಕಬೇಕು ಮತ್ತು ಆಯ್ಕೆಗೆ ಹೇಗೆ ಸಿದ್ಧರಾಗಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕಾನೂನಿನ ಹಿನ್ನೆಲೆ

ಕರ್ನಾಟಕ ನೀರಾವರಿ ಕಾಯ್ದೆ, 1965ಕ್ಕೆ 2000ನೆಯ ಇಸವಿಯಲ್ಲಿ ತಂದ ತಿದ್ದುಪಡಿಯು ನೀರಿನ ನಿರ್ವಹಣೆಯಲ್ಲಿ ರೈತರ ಸಂಘಗಳಿಗೆ ಸ್ಥಾನ ನೀಡಿತು. ಹಳ್ಳಿ ಮಟ್ಟದ ಪ್ರಾಥಮಿಕ ಸಂಘಗಳು, ಅವುಗಳ ಮೇಲೆ ವಿತರಣಾ ಕಾಲುವೆ ಮಟ್ಟದ ಒಕ್ಕೂಟ, ಯೋಜನಾ ಮಟ್ಟದ ಒಕ್ಕೂಟ ಹಾಗೂ ರಾಜ್ಯ ಮಟ್ಟದ ಮಹಾಮಂಡಳ ಎಂಬ ಶ್ರೇಣಿಯನ್ನು ಅದು ರೂಪಿಸಿದೆ. ಪ್ರಾಥಮಿಕ ಸಂಘಗಳು ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಅಡಿಯಲ್ಲಿ ನೋಂದಣಿಯಾಗುತ್ತವೆ. ಹೀಗಾಗಿ ಸಹಕಾರ ಸಂಘಕ್ಕೆ ಅನ್ವಯಿಸುವ ನಿಯಮಗಳೆಲ್ಲ ಇವುಗಳಿಗೂ ಅನ್ವಯಿಸುತ್ತವೆ.

• ಅಚ್ಚುಕಟ್ಟು ಪ್ರದೇಶದಲ್ಲಿ ಜಮೀನು ಹೊಂದಿದವರು ಷೇರು ಪಡೆದು ಸದಸ್ಯರಾಗಬಹುದು.
• ಎರಡು ಎಕರೆ ಇರಲಿ, ಇಪ್ಪತ್ತು ಎಕರೆ ಇರಲಿ, ಒಬ್ಬ ಸದಸ್ಯರಿಗೆ ಒಂದೇ ಮತ.
• ಸದಸ್ಯರು ಆಡಳಿತ ಮಂಡಳಿಯ ನಿರ್ದೇಶಕರನ್ನು ಚುನಾಯಿಸುತ್ತಾರೆ. ನಿರ್ದೇಶಕರು ತಮ್ಮೊಳಗಿನಿಂದ ಅಧ್ಯಕ್ಷರನ್ನು ಮತ್ತು ಉಪಾಧ್ಯಕ್ಷರನ್ನು ಆರಿಸುತ್ತಾರೆ.
• ಮಂಡಳಿಯ ಅವಧಿ ಐದು ವರ್ಷ. ಮಂಡಳಿಯಲ್ಲಿ ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಮೀಸಲು ಸ್ಥಾನಗಳಿರುತ್ತವೆ.
• ಪ್ರತಿ ವರ್ಷ ವಾರ್ಷಿಕ ಸಾಮಾನ್ಯ ಸಭೆ ಮತ್ತು ಲೆಕ್ಕಪರಿಶೋಧನೆ ಕಡ್ಡಾಯ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಸದಸ್ಯರು ಅಧ್ಯಕ್ಷರಿಗೆ ನೇರವಾಗಿ ಮತ ಹಾಕುವುದಿಲ್ಲ. ನಿರ್ದೇಶಕರ ಚುನಾವಣೆಯಲ್ಲಿ ಯೋಗ್ಯರು ಗೆದ್ದು ಬಂದಿದ್ದರೆ ಮಾತ್ರ ಯೋಗ್ಯ ಅಧ್ಯಕ್ಷರು ದೊರೆಯಲು ಸಾಧ್ಯ. ಆದ್ದರಿಂದ ಅಧ್ಯಕ್ಷರ ಹುಡುಕಾಟವು ನಿರ್ದೇಶಕರ ಚುನಾವಣೆಗೆ ಮುನ್ನವೇ ಆರಂಭವಾಗಬೇಕು.

ಅಧ್ಯಕ್ಷರು ಬೇರೆ, ಕಾರ್ಯನಿರ್ವಾಹಕರು ಬೇರೆ

ಸಂಘದ ಅಧ್ಯಕ್ಷರು ಸಂಬಳ ಪಡೆದು ದಿನನಿತ್ಯದ ಕೆಲಸ ಮಾಡುವವರಲ್ಲ. ಆ ಕೆಲಸ ಕಾರ್ಯದರ್ಶಿಯದು. ಇವೆರಡೂ ಒಂದೇ ಕೈಗೆ ಬಂದಾಗ ತಪ್ಪನ್ನು ಕಂಡುಹಿಡಿಯುವವರೇ ಇಲ್ಲವಾಗುತ್ತಾರೆ. ದೊಡ್ಡ ಸಂಸ್ಥೆಗಳಲ್ಲಿಯೂ ಇದೇ ವಿಂಗಡಣೆ ಇದೆ. ನಮ್ಮ ಭಾಗದ ಯೋಜನೆಗಳನ್ನು ನಡೆಸುವ, 1994ರಲ್ಲಿ ಸ್ಥಾಪನೆಯಾದ ಕೃಷ್ಣಾ ಭಾಗ್ಯ ಜಲ ನಿಗಮದ ಮಂಡಳಿಗೆ ಮುಖ್ಯಮಂತ್ರಿಗಳು ಅಧ್ಯಕ್ಷರು. ದಿನನಿತ್ಯದ ಆಡಳಿತ ವ್ಯವಸ್ಥಾಪಕ ನಿರ್ದೇಶಕರದು.

ಬ್ರಿಟನ್ನಿನಲ್ಲಿ ರೈತರಿಂದ ಸಂಗ್ರಹಿಸುವ ಶುಲ್ಕದಿಂದ ನಡೆಯುವ ಕೃಷಿ ಮತ್ತು ತೋಟಗಾರಿಕೆ ಅಭಿವೃದ್ಧಿ ಮಂಡಳಿ ಎಂಬ ಸರ್ಕಾರಿ ಸಂಸ್ಥೆ ಇದೆ. ಅದಕ್ಕೆ ಕಾರ್ಯನಿರ್ವಾಹಕರಲ್ಲದ ಅಧ್ಯಕ್ಷರು ಬೇಕಾದಾಗ ಸರ್ಕಾರವು ಬಹಿರಂಗ ಪ್ರಕಟಣೆ ಹೊರಡಿಸುತ್ತದೆ. ಹುದ್ದೆಯ ಕರ್ತವ್ಯಗಳು, ಬೇಕಾದ ಅನುಭವ ಮತ್ತು ನೀಡಬೇಕಾದ ಸಮಯವನ್ನು ಅದರಲ್ಲಿ ಮೊದಲೇ ತಿಳಿಸಲಾಗುತ್ತದೆ. ಸಮಿತಿಯೊಂದು ಅರ್ಜಿದಾರರನ್ನು ಸಂದರ್ಶಿಸಿದ ಬಳಿಕ ಸಚಿವರು ನೇಮಕ ಮಾಡುತ್ತಾರೆ. ನಮ್ಮಲ್ಲಿ ಅಧ್ಯಕ್ಷರು ಚುನಾಯಿತರಾಗುವುದರಿಂದ ಆ ಪದ್ಧತಿಯನ್ನು ಹಾಗೆಯೇ ಅನುಸರಿಸಲಾಗದು. ಆದರೆ ಯಾರು ಎಂದು ಕೇಳುವ ಮೊದಲು ಏನು ಕೆಲಸ ಎಂದು ಬರೆದಿಡುವ ಕ್ರಮವನ್ನು ನಾವೂ ಅಳವಡಿಸಿಕೊಳ್ಳಬಹುದು.

ಅಧ್ಯಕ್ಷರ ಕರ್ತವ್ಯಗಳು:

1. ಮಂಡಳಿಯ ಮತ್ತು ಸಾಮಾನ್ಯ ಸಭೆಯ ಅಧ್ಯಕ್ಷತೆ ವಹಿಸುವುದು. ಪ್ರತಿಯೊಬ್ಬರಿಗೂ ಮಾತನಾಡಲು ಅವಕಾಶ ಕೊಟ್ಟು ಠರಾವು ಸ್ಪಷ್ಟವಾಗಿ ದಾಖಲಾಗುವಂತೆ ನೋಡಿಕೊಳ್ಳುವುದು.
2. ಮಂಡಳಿಯು ಒಪ್ಪಿದ ಪಾಳಿ ಪಟ್ಟಿಯು ಎಲ್ಲರಿಗೂ ಸಮನಾಗಿ ಜಾರಿಯಾಗುತ್ತಿದೆಯೇ ಎಂದು ಪರಿಶೀಲಿಸುವುದು.
3. ಕಾರ್ಯದರ್ಶಿಯ ಕೆಲಸವನ್ನು ಮತ್ತು ಲೆಕ್ಕವನ್ನು ಪ್ರತಿ ತಿಂಗಳು ಪರಿಶೀಲಿಸುವುದು.
4. ನಿಗಮದ ಎಂಜಿನಿಯರುಗಳು, ಅಚ್ಚುಕಟ್ಟು ಅಭಿವೃದ್ಧಿ ಪ್ರಾಧಿಕಾರ ಮತ್ತು ಕೃಷಿ ಇಲಾಖೆಯೊಂದಿಗೆ ಸಂಘದ ಪರವಾಗಿ ವ್ಯವಹರಿಸುವುದು.
5. ಸದಸ್ಯರ ನಡುವಿನ ವ್ಯಾಜ್ಯವನ್ನು ಮಂಡಳಿಯ ಮುಂದಿಟ್ಟು ಬಗೆಹರಿಸುವುದು.

ಕಾರ್ಯದರ್ಶಿಯ ಕರ್ತವ್ಯಗಳು:

1. ಸದಸ್ಯರ ಪಟ್ಟಿ, ನಡಾವಳಿ ಪುಸ್ತಕ, ನಗದು ಪುಸ್ತಕ ಮತ್ತು ರಸೀದಿಗಳ ನಿರ್ವಹಣೆ.
2. ವಾಲ್ವ್ ತೆರೆಯುವ ಮತ್ತು ಫಿಲ್ಟರ್ ತೊಳೆಯುವ ಸಿಬ್ಬಂದಿಯ ಮೇಲ್ವಿಚಾರಣೆ.
3. ದುರಸ್ತಿಯ ಅಂದಾಜು ತಯಾರಿಸಿ ಮಂಡಳಿಗೆ ಸಲ್ಲಿಸುವುದು.
4. ಸಭೆಯ ನೋಟಿಸನ್ನು ಸಕಾಲದಲ್ಲಿ ತಲುಪಿಸುವುದು.

ಅಧ್ಯಕ್ಷರು ತಾವೇ ವಾಲ್ವ್‌ನ ಕೀಲಿಯನ್ನು ಇಟ್ಟುಕೊಳ್ಳುವುದು, ತಾವೇ ಹಣ ವಸೂಲು ಮಾಡುವುದು ಅಥವಾ ಮಂಡಳಿಯ ಠರಾವಿಲ್ಲದೆ ಒಬ್ಬರಿಗೆ ಹೆಚ್ಚುವರಿ ಪಾಳಿ ಕೊಡುವುದು ಸರಿಯಲ್ಲ. ಉದ್ದೇಶ ಒಳ್ಳೆಯದಿದ್ದರೂ ಈ ರೂಢಿಯು ಸಂಘದ ಮೇಲಿನ ನಂಬಿಕೆಯನ್ನು ಕೆಡಿಸುತ್ತದೆ.

ಪಾಳಿಯ ಲೆಕ್ಕ ಅಧ್ಯಕ್ಷರಿಗೆ ತಿಳಿದಿರಬೇಕು

ಹನಿ ನೀರಾವರಿಯಲ್ಲಿ ನೀರಿನ ಪ್ರಮಾಣದಷ್ಟೇ ಒತ್ತಡವೂ ಮುಖ್ಯ. ಒಂದು ಉದಾಹರಣೆಯನ್ನು ನೋಡೋಣ. ಒಂದು ಎಕರೆಯನ್ನು ಸುಮಾರು 4,000 ಚದರ ಮೀಟರ್ ಎಂದಿಟ್ಟುಕೊಳ್ಳಿ. ಲ್ಯಾಟರಲ್ ಕೊಳವೆಗಳ ಅಂತರ 1.2 ಮೀಟರ್ ಇದ್ದರೆ ಎಕರೆಗೆ ಸುಮಾರು 3,330 ಮೀಟರ್ ಕೊಳವೆ ಬೇಕು. ಪ್ರತಿ 40 ಸೆಂ.ಮೀ.ಗೆ ಒಂದರಂತೆ, ಗಂಟೆಗೆ 2 ಲೀಟರ್ ಹನಿಸುವ ಡ್ರಿಪ್ಪರುಗಳಿದ್ದರೆ ಒಟ್ಟು ಸುಮಾರು 8,330 ಡ್ರಿಪ್ಪರುಗಳಾಗುತ್ತವೆ. ಅಂದರೆ ಒಂದು ಎಕರೆಗೆ ಗಂಟೆಗೆ ಸುಮಾರು 16,700 ಲೀಟರ್ ನೀರು ಬೇಕು. ಇದು 4 ಮಿ.ಮೀ. ಮಳೆಗೆ ಸಮ.

ಒಂದು ವಿಭಾಗದ ಕೊಳವೆಯನ್ನು ಒಮ್ಮೆಗೆ 10 ಎಕರೆಗೆ ನೀರು ಕೊಡುವಂತೆ ರೂಪಿಸಲಾಗಿದೆ ಎಂದುಕೊಳ್ಳಿ. ಅದರಲ್ಲಿ ಗಂಟೆಗೆ 1,67,000 ಲೀಟರ್ ಹರಿಯುತ್ತದೆ. ಪಾಳಿ ಇಲ್ಲದ ಇನ್ನೂ ನಾಲ್ಕು ಎಕರೆಯ ವಾಲ್ವ್‌ಗಳನ್ನು ತೆರೆದರೆ ನೀರಿನ ಬೇಡಿಕೆ 2,33,000 ಲೀಟರಿಗೆ ಏರುತ್ತದೆ. ಕೊಳವೆಗೆ ಅಷ್ಟು ಸಾಮರ್ಥ್ಯವಿಲ್ಲದ್ದರಿಂದ ಒತ್ತಡ ಕುಸಿಯುತ್ತದೆ. ಮುಂಭಾಗದ ಹೊಲಗಳಲ್ಲಿ ನೀರು ಹನಿಯುತ್ತಿರುವಂತೆ ಕಂಡರೂ ಎತ್ತರದ ಹಾಗೂ ಕೊನೆಯ ಭಾಗದ ಹೊಲಗಳ ಡ್ರಿಪ್ಪರುಗಳು ಒಣಗುತ್ತವೆ. ಕೊನೆಯ ಭಾಗದ ರೈತರು ಕೆಲವು ಪಾಳಿ ಕಾದು ನೋಡಿ, ನೀರು ಬಾರದೆಂದು ಲ್ಯಾಟರಲ್‌ಗಳನ್ನು ಸುತ್ತಿಟ್ಟು ಮತ್ತೆ ಮಳೆಯಾಶ್ರಿತ ಕಡಲೆ, ಜೋಳಕ್ಕೆ ಮರಳುತ್ತಾರೆ. ಒಮ್ಮೆ ಹೊರಬಂದವರು ನೀರಿನ ಕರ ಕೊಡುವುದಿಲ್ಲ. ಕರ ಬಾರದಿದ್ದರೆ ದುರಸ್ತಿ ನಡೆಯುವುದಿಲ್ಲ. ದುರಸ್ತಿ ಇಲ್ಲದಿದ್ದರೆ ಮುಂಭಾಗದ ಹೊಲಗಳಿಗೂ ನೀರು ನಿಲ್ಲುತ್ತದೆ. ಈ ಸರಪಳಿಯನ್ನು ಮೊದಲ ಕೊಂಡಿಯಲ್ಲೇ ತಡೆಯುವುದು ಅಧ್ಯಕ್ಷರ ಮುಖ್ಯ ಕೆಲಸ.

ನೆರೆಯ ಮಹಾರಾಷ್ಟ್ರದ ನಾಶಿಕ್ ಜಿಲ್ಲೆಯ ವಾಘಾಡ ಯೋಜನೆ ಇದಕ್ಕೆ ಉತ್ತಮ ನಿದರ್ಶನ. ಅಲ್ಲಿ 1990ರ ದಶಕದ ಆರಂಭದಲ್ಲಿ ಸಂಘ ಕಟ್ಟಲು ಮುಂದಾದವರು ಓಝರ್ ಬಳಿಯ, ಕಾಲುವೆಯ ಕೊನೆಯ ಭಾಗದ ರೈತರು. ಮುಂದೆ ಸಂಘಗಳು ಕಾಲುವೆಯುದ್ದಕ್ಕೂ ಹರಡಿ, ಇಡೀ ಯೋಜನೆಯ ನೀರಿನ ನಿರ್ವಹಣೆಯನ್ನು ರೈತರೇ ವಹಿಸಿಕೊಂಡರು. ನೀರು ತಲುಪದವರ ಧ್ವನಿಗೆ ಆಡಳಿತದಲ್ಲಿ ಸ್ಥಾನ ದೊರೆತರೆ ವ್ಯವಸ್ಥೆಯು ಸುಧಾರಿಸುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಎಂಥವರನ್ನು ಆರಿಸಬೇಕು?

• ನಿಷ್ಪಕ್ಷಪಾತ ಗುಣ: ಸ್ವಂತ ಅಣ್ಣತಮ್ಮಂದಿರ ಹೊಲಕ್ಕೂ ಪಾಳಿಯ ನಿಯಮವನ್ನು ಅನ್ವಯಿಸಬಲ್ಲವರಾಗಿರಬೇಕು. ಪಾಲುವಾಟ್ನಿ, ಬದುವಿನ ತಕರಾರುಗಳಲ್ಲಿ ಊರಿನ ಎಲ್ಲ ಓಣಿಯವರೂ ಯಾರ ಮಾತಿಗೆ ಬೆಲೆ ಕೊಡುತ್ತಾರೆ ಎಂಬುದು ಇದಕ್ಕೆ ಒಳ್ಳೆಯ ಅಳತೆಗೋಲು.

• ಸಮಯ: ನೀರು ಬಿಡುವ ಹಂಗಾಮಿನಲ್ಲಿ ಊರಿನಲ್ಲಿ ಇರುವವರಾಗಬೇಕು. ಬೇರೆ ಊರಿನಲ್ಲಿ ವ್ಯಾಪಾರ ಅಥವಾ ಉದ್ಯೋಗದಲ್ಲಿದ್ದು ಹಬ್ಬಕ್ಕೆ ಮಾತ್ರ ಬರುವವರು ಎಷ್ಟೇ ಪ್ರಭಾವಿಗಳಾದರೂ ಈ ಹುದ್ದೆಗೆ ಒಪ್ಪುವುದಿಲ್ಲ.

• ಲೆಕ್ಕ ಓದುವ ಸಾಮರ್ಥ್ಯ: ಪದವಿಯ ಅಗತ್ಯವಿಲ್ಲ. ನಗದು ಪುಸ್ತಕ ಮತ್ತು ಬ್ಯಾಂಕ್ ಪಾಸ್‌ಬುಕ್ಕನ್ನು ತಾಳೆ ನೋಡಲು ಮತ್ತು ಅನುಮಾನ ಬಂದಾಗ ಕೇಳಲು ಹಿಂಜರಿಯದ ಸ್ವಭಾವ ಸಾಕು.

• ಹಿತಾಸಕ್ತಿಯ ಘರ್ಷಣೆ ಇಲ್ಲದಿರುವುದು: ಸಂಘದ ಗುತ್ತಿಗೆಯಲ್ಲಿ ಹಿತಾಸಕ್ತಿ ಉಳ್ಳವರಿಗೆ ಮತ್ತು ಸುಸ್ತಿದಾರರಿಗೆ ಸಹಕಾರ ಕಾಯ್ದೆಯೇ ನಿರ್ದೇಶಕ ಸ್ಥಾನವನ್ನು ನಿರಾಕರಿಸುತ್ತದೆ. ಪೈಪು, ಫಿಲ್ಟರ್ ಮಾರುವ ಅಂಗಡಿ ಹತ್ತಿರದ ಬಂಧುಗಳದ್ದಾಗಿದ್ದರೆ ಅದನ್ನು ಮೊದಲೇ ಸಭೆಗೆ ತಿಳಿಸಬೇಕು. ಆ ವಿಷಯದ ಚರ್ಚೆಯಲ್ಲಿ ಅವರು ಭಾಗವಹಿಸಬಾರದು.

• ಹನಿ ನೀರಾವರಿಯ ಅನುಭವ: ತಮ್ಮ ಹೊಲದಲ್ಲಿ ಲ್ಯಾಟರಲ್‌ಗಳನ್ನು ಸುಸ್ಥಿತಿಯಲ್ಲಿ ಇಟ್ಟುಕೊಂಡವರ ಮಾತನ್ನು ಇತರರು ಕೇಳುತ್ತಾರೆ. ಎರೆಭೂಮಿಯ ಹೊಲದಲ್ಲಿ ಈರುಳ್ಳಿ, ಮೆಣಸಿನಕಾಯಿ ಅಥವಾ ತೊಗರಿಯನ್ನು ಹನಿ ನೀರಿನಲ್ಲಿ ಬೆಳೆದು ತೋರಿಸಿದವರು ಇದ್ದರೆ ಅವರನ್ನು ಗುರುತಿಸಿರಿ.

ಜಮೀನು ತಮ್ಮ ಹೆಸರಿನಲ್ಲಿರುವ ಮಹಿಳೆಯರೂ ಈ ಹುದ್ದೆಗೆ ಅರ್ಹರು. ಸ್ವಸಹಾಯ ಗುಂಪುಗಳಲ್ಲಿ ಹಲವು ವರ್ಷ ಲೆಕ್ಕ ಮತ್ತು ಸಭೆ ನಡೆಸಿದ ಅನುಭವವು ಅನೇಕ ಮಹಿಳೆಯರಿಗೆ ಇದೆ. ಆದರೆ ಹೆಸರು ಪತ್ನಿಯದು, ಆಡಳಿತ ಪತಿಯದು ಎಂಬಂತೆ ಆಗದಂತೆ ಸದಸ್ಯರು ಎಚ್ಚರ ವಹಿಸಬೇಕು.

ಆಯ್ಕೆಗೆ ಸಿದ್ಧತೆ: ಹಂತಗಳು

ಹಂತ 1. ಸದಸ್ಯರ ಪಟ್ಟಿ ಪರಿಶೀಲನೆ. ತಂದೆಯ ಮರಣಾನಂತರ ಖಾತೆ ಬದಲಾವಣೆಯಾಗದ ಜಮೀನುಗಳು ಹಲವು ಇರುತ್ತವೆ. ಅಂತಹ ವಾರಸುದಾರರು ಪಹಣಿಯಲ್ಲಿ ಹೆಸರು ಸರಿಪಡಿಸಿಕೊಂಡು ಸದಸ್ಯತ್ವ ಪಡೆಯಬೇಕು. ಬಾಕಿ ಇದ್ದರೆ ಚುನಾವಣೆಗೆ ಸಾಕಷ್ಟು ಮೊದಲೇ ಪಾವತಿಸಿ ರಸೀದಿ ಇಟ್ಟುಕೊಳ್ಳಿರಿ. ಸಭೆಗಳಿಗೆ ಸತತವಾಗಿ ಗೈರುಹಾಜರಾದರೆ ಮತದಾನದ ಹಕ್ಕಿಗೆ ತೊಡಕಾಗುವ ಸಂಭವವಿದೆ. ನಿಮ್ಮ ಸಂಘದ ಉಪನಿಯಮವನ್ನು ಓದಿ ಖಚಿತಪಡಿಸಿಕೊಳ್ಳಿರಿ.

ಹಂತ 2. ಕರ್ತವ್ಯ ಪತ್ರ ತಯಾರಿಕೆ. ಚುನಾವಣೆಗೆ ಎರಡು ಮೂರು ತಿಂಗಳ ಮೊದಲು ಸದಸ್ಯರು ಒಂದೆಡೆ ಸೇರಿ, ಮುಂದಿನ ಐದು ವರ್ಷಗಳಲ್ಲಿ ಸಂಘ ಮಾಡಬೇಕಾದ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಬೇಕು. ಯಾವ ವಿಭಾಗಕ್ಕೆ ನೀರು ತಲುಪುತ್ತಿಲ್ಲ, ಯಾವ ವಾಲ್ವ್ ಕೆಟ್ಟಿದೆ, ಎಷ್ಟು ಬಾಕಿ ಇದೆ ಎಂಬುದು ಅದರಲ್ಲಿರಲಿ. ಈ ಹಾಳೆಯನ್ನು ಪಂಚಾಯಿತಿ ಕಟ್ಟೆ ಮತ್ತು ಹಾಲಿನ ಡೇರಿಯ ಗೋಡೆಯ ಮೇಲೆ ಅಂಟಿಸಿರಿ.

ಹಂತ 3. ಎಲ್ಲ ಭಾಗಗಳಿಂದ ಅಭ್ಯರ್ಥಿಗಳು. ಕೊಳವೆಯ ಮುಂಭಾಗ, ನಡುಭಾಗ ಮತ್ತು ಕೊನೆಯ ಭಾಗ ಈ ಮೂರೂ ಕಡೆಗಳಿಂದ ನಿರ್ದೇಶಕರು ಬರುವಂತೆ ಮಾತುಕತೆ ನಡೆಸಿರಿ. ಮುಂಭಾಗದವರು ಅಧ್ಯಕ್ಷರಾದರೆ ಕೊನೆಯ ಭಾಗದವರು ಉಪಾಧ್ಯಕ್ಷರಾಗುವುದು ಉಪಯುಕ್ತ ಸಂಪ್ರದಾಯ.

ಹಂತ 4. ಅಭ್ಯರ್ಥಿಗಳಿಗೆ ಪ್ರಶ್ನೆ. ಎಲ್ಲರ ಎದುರಿನಲ್ಲಿ, ಎಲ್ಲ ಅಭ್ಯರ್ಥಿಗಳಿಗೂ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಿರಿ.

• ತಿಂಗಳಿಗೆ ಎಷ್ಟು ದಿನ ಸಂಘಕ್ಕೆ ಕೊಡುವಿರಿ?
• ಪಾಳಿ ಮುರಿದವರು ನಿಮ್ಮ ಬಂಧುಗಳಾಗಿದ್ದರೆ ಏನು ಮಾಡುವಿರಿ?
• ನೀರಿನ ಕರ ಮತ್ತು ದುರಸ್ತಿ ವಂತಿಗೆಯ ವಸೂಲಿಗೆ ನಿಮ್ಮ ಕ್ರಮವೇನು?
• ಖರ್ಚುವೆಚ್ಚವನ್ನು ಎಷ್ಟು ತಿಂಗಳಿಗೊಮ್ಮೆ ಪ್ರಕಟಿಸುವಿರಿ?
• ಕೊನೆಯ ಭಾಗದ ಹೊಲಗಳಿಗೆ ಖುದ್ದಾಗಿ ಭೇಟಿ ನೀಡಿದ್ದೀರಾ?

ಹಂತ 5. ಚುನಾವಣೆ. ನಿರ್ದೇಶಕರ ಚುನಾವಣೆಯು ನೇಮಕಗೊಂಡ ಚುನಾವಣಾಧಿಕಾರಿಗಳ ಮೇಲ್ವಿಚಾರಣೆಯಲ್ಲಿ ನಡೆಯುತ್ತದೆ. ಅನಂತರ ನಿರ್ದೇಶಕರ ಸಭೆಯಲ್ಲಿ ಅಧ್ಯಕ್ಷರ ಆಯ್ಕೆಯಾಗುತ್ತದೆ. ಸದಸ್ಯರು ತಮ್ಮ ನಿರ್ದೇಶಕರಿಗೆ ಕರ್ತವ್ಯ ಪತ್ರದ ಪ್ರತಿಯನ್ನು ಕೊಟ್ಟು, ಅದನ್ನು ಗಮನದಲ್ಲಿಟ್ಟು ಮತ ಹಾಕುವಂತೆ ಕೋರಬೇಕು.

ಅವಿರೋಧ ಆಯ್ಕೆಯ ಬಗ್ಗೆ

ನಮ್ಮ ಹಳ್ಳಿಗಳಲ್ಲಿ ಅವಿರೋಧ ಆಯ್ಕೆಯನ್ನು ಗೌರವದ ಸಂಗತಿ ಎಂದು ಭಾವಿಸಲಾಗುತ್ತದೆ. ಇದರಿಂದ ಖರ್ಚು ಉಳಿಯುತ್ತದೆ ಮತ್ತು ವೈಮನಸ್ಸು ತಪ್ಪುತ್ತದೆ. ಆದರೆ ನಾಲ್ಕು ಜನ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕುಳಿತು ತೀರ್ಮಾನಿಸಿದ ಅವಿರೋಧ ಆಯ್ಕೆಗೂ, ಎಲ್ಲ ಭಾಗದ ಸದಸ್ಯರು ಚರ್ಚಿಸಿ ಒಪ್ಪಿದ ಅವಿರೋಧ ಆಯ್ಕೆಗೂ ಬಹಳ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಕೊನೆಯ ಭಾಗದ ರೈತರ, ಸಣ್ಣ ಹಿಡುವಳಿದಾರರ ಮತ್ತು ಮಹಿಳೆಯರ ಅಭಿಪ್ರಾಯ ದಾಖಲಾಗುವುದಿಲ್ಲ. ಅವರು ಬಹಿರಂಗವಾಗಿ ವಿರೋಧಿಸದಿದ್ದರೂ ನೀರಿನ ಕರ ಕೊಡುವಾಗ ಹಿಂದೆ ಸರಿಯುತ್ತಾರೆ. ಹಣ ಕೊಟ್ಟವರಿಗೆ ಸ್ಥಾನ ಬಿಟ್ಟುಕೊಡುವ ಹರಾಜಿನ ರೂಢಿಯಂತೂ, ಆ ಹಣ ದೇವಸ್ಥಾನದ ಜೀರ್ಣೋದ್ಧಾರಕ್ಕೇ ಹೋಗಲಿ, ಕಾನೂನಿಗೆ ವಿರುದ್ಧವಾದುದು. ಅವಿರೋಧ ಆಯ್ಕೆ ಬೇಕೆನಿಸಿದರೆ ಮೇಲಿನ ಮೊದಲ ನಾಲ್ಕು ಹಂತಗಳನ್ನು ಪೂರೈಸಿದ ಬಳಿಕವೇ ಅದಕ್ಕೆ ಒಪ್ಪಿರಿ.

ಆಯ್ಕೆಯ ನಂತರ: ಮೊದಲ ವರ್ಷದ ಕಾರ್ಯಸೂಚಿ

1. ಮೊದಲ ತಿಂಗಳು: ಹಿಂದಿನ ಮಂಡಳಿಯಿಂದ ದಾಖಲೆ, ನಗದು, ಬಿಡಿಭಾಗ ಮತ್ತು ಕೀಲಿಗಳನ್ನು ಪಟ್ಟಿ ಮಾಡಿ ಲಿಖಿತವಾಗಿ ಪಡೆಯುವುದು. ಬ್ಯಾಂಕ್ ಖಾತೆಯನ್ನು ಜಂಟಿ ಸಹಿಯಲ್ಲಿ ನಡೆಸುವುದು.
2. ಮುಂಗಾರಿಗೆ ಮೊದಲು: ನಿಗಮದ ಎಂಜಿನಿಯರುಗಳೊಂದಿಗೆ ಎಲ್ಲ ವಾಲ್ವ್ ಮತ್ತು ಫಿಲ್ಟರುಗಳನ್ನು ನಡೆದು ಪರಿಶೀಲಿಸುವುದು. ಉಳುಮೆಯಲ್ಲಿ ತುಂಡಾದ ಕೊಳವೆಗಳನ್ನು ಗುರುತಿಸುವುದು.
3. ನೀರು ಬಿಡುವಾಗ: ನೀರಾವರಿ ಸಲಹಾ ಸಮಿತಿಯ ತೀರ್ಮಾನದಂತೆ ಪಾಳಿ ಪಟ್ಟಿ ತಯಾರಿಸಿ, ಮೊದಲ ಪಾಳಿಯನ್ನು ಕೊನೆಯ ಭಾಗದಿಂದ ಆರಂಭಿಸುವುದು. ಪಟ್ಟಿಯನ್ನು ಪ್ರತಿ ಊರಿನಲ್ಲಿ ಪ್ರಕಟಿಸುವುದು.
4. ಹಂಗಾಮಿನ ಮಧ್ಯೆ: ಹದಿನೈದು ದಿನಕ್ಕೊಮ್ಮೆ ಕೊನೆಯ ಹೊಲದಲ್ಲಿ ಒತ್ತಡ ಅಳೆದು ಪುಸ್ತಕದಲ್ಲಿ ಬರೆಸುವುದು.
5. ವಾರ್ಷಿಕ ಸಭೆ: ಆರ್ಥಿಕ ವರ್ಷ ಮುಗಿದ ಆರು ತಿಂಗಳೊಳಗೆ ಲೆಕ್ಕಪರಿಶೋಧಿತ ಜಮಾ-ಖರ್ಚನ್ನು ಸದಸ್ಯರ ಮುಂದಿಡುವುದು.

ದುರಸ್ತಿ ನಿಧಿಯ ಬಗ್ಗೆಯೂ ಮೊದಲ ವರ್ಷವೇ ತೀರ್ಮಾನವಾಗಬೇಕು. ಉದಾಹರಣೆಗೆ, 500 ಎಕರೆಯ ಸಂಘವೊಂದು ಎಕರೆಗೆ ವರ್ಷಕ್ಕೆ 300 ರೂಪಾಯಿ ವಂತಿಗೆ ನಿಗದಿಪಡಿಸಿದರೆ 1,50,000 ರೂಪಾಯಿ ಕೂಡುತ್ತದೆ. ಅರ್ಧದಷ್ಟು ಸದಸ್ಯರು ಕೊಡದಿದ್ದರೆ 75,000 ರೂಪಾಯಿಯಲ್ಲಿ ಅಷ್ಟೇ ವಾಲ್ವ್‌ಗಳನ್ನು, ಅಷ್ಟೇ ಸಿಬ್ಬಂದಿಯನ್ನು ನಿಭಾಯಿಸಬೇಕಾಗುತ್ತದೆ. ಪ್ರತಿ ರೂಪಾಯಿಯ ಖರ್ಚು ಗೋಡೆಯ ಮೇಲೆ ಕಾಣುವ ಊರಿನಲ್ಲಿ ವಸೂಲಿ ಸುಲಭ.

ಅಧ್ಯಕ್ಷರು ಕರ್ತವ್ಯದಲ್ಲಿ ವಿಫಲರಾದರೆ ಐದು ವರ್ಷ ಕಾಯಲೇಬೇಕೆಂದಿಲ್ಲ. ನಿಗದಿತ ಸಂಖ್ಯೆಯ ಸದಸ್ಯರು ಲಿಖಿತವಾಗಿ ಕೋರಿ ವಿಶೇಷ ಸಾಮಾನ್ಯ ಸಭೆ ಕರೆಸಬಹುದು. ಹಣದ ದುರುಪಯೋಗದ ಅನುಮಾನವಿದ್ದರೆ ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ದೂರು ಸಲ್ಲಿಸಬಹುದು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ವಿಸ್ತರಣಾ ಕಾರ್ಯಕರ್ತರು ಯಾವ ಅಭ್ಯರ್ಥಿಯ ಪರವಾಗಿಯೂ ಮಾತನಾಡಬಾರದು. ಉಪನಿಯಮವನ್ನು ಓದಿ ಹೇಳುವುದು, ಕರ್ತವ್ಯ ಪತ್ರ ಬರೆಯಲು ನೆರವಾಗುವುದು, ಕೊಳವೆಯ ನಕ್ಷೆಯನ್ನು ನೆಲದ ಮೇಲೆ ಬಿಡಿಸಿ ಒತ್ತಡದ ಲೆಕ್ಕ ವಿವರಿಸುವುದು ಅವರ ಕೆಲಸ. ಸಭೆಯನ್ನು ಒಂದೇ ಊರಿನಲ್ಲಿ ನಡೆಸದೆ ಒಮ್ಮೆಯಾದರೂ ಕೊನೆಯ ಭಾಗದ ಊರಿನಲ್ಲಿ ಕರೆಯಬೇಕು. ಹೊಸದಾಗಿ ಆಯ್ಕೆಯಾದ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳನ್ನು ಧಾರವಾಡದ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಯ (ವಾಲ್ಮಿ) ತರಬೇತಿಗೆ ಒಟ್ಟಿಗೆ ಕಳುಹಿಸಿದರೆ ಇಬ್ಬರ ಕೆಲಸದ ಗಡಿ ಇಬ್ಬರಿಗೂ ಸ್ಪಷ್ಟವಾಗುತ್ತದೆ.

ಕೊನೆಯದಾಗಿ

ಸಹಕಾರವು ನಮ್ಮ ಭಾಗಕ್ಕೆ ಹೊಸದಲ್ಲ. ನೆರೆಯ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾಯಿತು. ದೇಶದ ಮೊದಲ ಸಹಕಾರ ಸಂಘ ಎಂಬ ಹೆಗ್ಗಳಿಕೆ ಅದಕ್ಕಿದೆ. ಅಂದು ಸಾಲದ ಹಣವನ್ನು ಹಂಚಿಕೊಳ್ಳಲು ಬೇಕಾಗಿದ್ದ ನಂಬಿಕೆಯೇ ಇಂದು ನೀರನ್ನು ಹಂಚಿಕೊಳ್ಳಲು ಬೇಕಾಗಿದೆ. ಕೃಷ್ಣೆಯ ನೀರು ಹೊಲದ ಅಂಚಿಗೆ ಬಂದಿರುವಾಗ ಅದು ಬೆಳೆಯ ಬೇರಿಗೆ ತಲುಪುವಂತೆ ಮಾಡುವ ಸಂಘವನ್ನು ಕಟ್ಟುವುದು ಸದಸ್ಯರ ಕೈಯಲ್ಲಿದೆ. ಮುಂದಿನ ಚುನಾವಣೆಯ ಪ್ರಕಟಣೆ ಬರುವವರೆಗೆ ಕಾಯದೆ, ಈ ಹಂಗಾಮಿನಲ್ಲಿಯೇ ಸದಸ್ಯರ ಪಟ್ಟಿಯ ಪರಿಶೀಲನೆ ಮತ್ತು ಕರ್ತವ್ಯ ಪತ್ರದ ತಯಾರಿಕೆಯನ್ನು ಆರಂಭಿಸಿರಿ.

ಹೆಚ್ಚಿನ ಮಾಹಿತಿಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರ, ಬಾಗಲಕೋಟೆಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಸಹಕಾರ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು.